ತಂದೆಯ ಕಲಂಗೆ ಊಹೆ ಬೇಡ

‘ಅದನ್ನೆಲ್ಲ ಕೆದಕಬೇಡ ಕಣಮ್ಮ’ ಎನ್ನುತ್ತಾರೆ ಸರಸ್ವತಿಪುರಂನ ನಮ್ಮ ಮನೆಯ ಹಿರಿಯರು. ಆದರೆ ಮುತ್ತಜ್ಜಿಯ ತಂದೆ ಯಾರೆಂದು ತಿಳಿಯುವ ಹಕ್ಕು ನನಗಿದೆ ಎಂದೇ ನಂಬಿದ್ದೇನೆ.

ಹಳೆಯ ಶಾಲೆಯೊಂದರ ದಾಖಲಾತಿ ರಿಜಿಸ್ಟರಿನಲ್ಲಿ ಆಕೆಯ ಹೆಸರು ಸಿಕ್ಕಿತು. ಪೋಷಕರ ಕಲಂನಲ್ಲಿ ತಾಯಿಯ ಹೆಸರು; ಪಕ್ಕದಲ್ಲಿ ಬೇರೆ ಶಾಯಿ, ಬೇರೆ ಕೈಬರಹದಲ್ಲಿ ಒಬ್ಬ ಗಂಡಸಿನ ಹೆಸರು. ಬಂಧುಗಳು ಅವನನ್ನೇ ತಂದೆ ಎಂದು ವಂಶವೃಕ್ಷಕ್ಕೆ ಏರಿಸಹೊರಟರು. ನಾನು ಒಪ್ಪಲಿಲ್ಲ. ಪೋಷಕ ಎಂದರೆ ಸೋದರಮಾವನೂ ಆಗಬಹುದು, ಫೀಸು ಕಟ್ಟಿದ ಪುಣ್ಯಾತ್ಮನೂ ಆಗಬಹುದು. ದಾನಪತ್ರವೋ ವಿಲ್ಲೋ ಆ ಹೆಸರಿಗೆ ತಾಳೆಯಾಗುವವರೆಗೆ ಅದು ಬರೀ ಊಹೆ. ಮನೆತನಗಳ ವಂಶಾವಳಿ ಹೇಳುವ ಹೆಳವರ ವಹಿಯೂ ಇಲ್ಲಿ ಹೆಚ್ಚು ನೆರವಾಗದು. ಅದು ಮುಖ್ಯವಾಗಿ ಗಂಡುಮಕ್ಕಳ ಎಳೆ ಹಿಡಿದು ಸಾಗುತ್ತದೆ.

ತಂದೆಯ ಹೆಸರಿನ ಕಲಂ ಖಾಲಿ ಉಳಿದರೆ ನಾಚುವುದೇಕೆ? 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರನ್ನು ತಂದೆ ಕೈಬಿಟ್ಟಾಗ ಸಾಕಿದವರು ತಾಯಿ ಪುಟ್ಟಲಕ್ಷ್ಮಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಆ ಮಗಳೇ. ಅವಿವಾಹಿತ ತಾಯಿ ಮಗುವಿನ ತಂದೆಯ ಹೆಸರು ಹೇಳಲೇಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2015ರಲ್ಲಿ.

ಗೆದ್ದಲು ತಿನ್ನುವ ಮುನ್ನ ಹಳೆಯ ಶಾಲೆಗಳ ರಿಜಿಸ್ಟರುಗಳನ್ನು ಸರ್ಕಾರ ಸ್ಕ್ಯಾನ್ ಮಾಡಿಸಲಿ. ತಾಯಂದಿರ ಹೆಸರಿನಿಂದಲೂ ಹುಡುಕುವಂತಿರಲಿ, ವಂಶಸ್ಥರಿಗೆ ಅಲೆದಾಟವಿಲ್ಲದೆ ನಕಲು ಸಿಗಲಿ. ನಮ್ಮ ವಂಶವೃಕ್ಷದಲ್ಲಿ ಮುತ್ತಜ್ಜಿಯ ಮೇಲೆ ಸದ್ಯಕ್ಕೆ ಅವರ ತಾಯಿಯ ಹೆಸರೊಂದನ್ನೇ ಬರೆದಿದ್ದೇನೆ. ಇನ್ನು ನೋಡಬೇಕಿರುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪತ್ರಗಳನ್ನು.