ಆಡಿದ ಮಾತು ಯಾರದು?

ಇಂಗ್ಲಿಷ್ ವ್ಯಾಕರಣದ ‘ರಿಪೋರ್ಟೆಡ್ ಸ್ಪೀಚ್’ ಪಾಠವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸಬೇಕು. ‘ನೌ’ ಇದ್ದರೆ ‘ದೆನ್’, ‘ಹಿಯರ್’ ಇದ್ದರೆ ‘ದೇರ್’, ‘ಟುಮಾರೋ’ ಇದ್ದರೆ ‘ದಿ ನೆಕ್ಸ್ಟ್ ಡೇ’. ಹೀಗೆ ಉರು ಹೊಡೆದ ಹುಡುಗಿಗೆ ಅಂಕ ಬಂದೀತು, ಇಂಗ್ಲಿಷ್ ಬಾರದು.

ನಮ್ಮ ಮಕ್ಕಳು ಇಲ್ಲಿ ಎಡವುವುದು ದಡ್ಡತನದಿಂದಲ್ಲ, ಕನ್ನಡದ ಜಾಯಮಾನದಿಂದ. ತಿಕೋಟಾದ ಹೆಣ್ಣುಮಗಳೊಬ್ಬಳು ‘ಸಾಲ ನಾನ ತೀರಸ್ತೀನಿ’ ಅಂದಳೆನ್ನಿ. ನಾವು ಇನ್ನೊಬ್ಬರಿಗೆ ‘ಸಾಲ ನಾನ ತೀರಸ್ತೀನಿ ಅಂತ ಹೇಳ್ಯಾಳ’ ಅನ್ನುತ್ತೇವೆ. ‘ಅಂತ’ ಬಂದರೆ ಸಾಕು, ಆಕೆಯ ‘ನಾನು’ ಆಕೆಯದೇ ಆಗಿ ಉಳಿಯುತ್ತದೆ. ಇಂಗ್ಲಿಷಿನ ‘ದ್ಯಾಟ್’ಗೆ ಆ ಶಕ್ತಿಯಿಲ್ಲ. ‘ಶಿ ಸೆಡ್ ದ್ಯಾಟ್ ಐ ವಿಲ್ ರಿಪೇ ದಿ ಲೋನ್’ ಎಂದು ಬರೆದರೆ ಸಾಲ ಬರೆದವಳ ತಲೆಗೇ ಬಂತು! ಅಲ್ಲಿ ‘ಶಿ ವುಡ್ ರಿಪೇ’ ಎಂದಿರಬೇಕು. ಇಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಯಾವ ಹುಡುಗಿಗೆ ತಿಳಿಯದು?

ಇನ್ನು ‘ಹಿಯರ್’. ಬಬಲೇಶ್ವರದಾಕೆ ‘ಇಲ್ಲಿ ನೀರಿಲ್ಲ’ ಅಂದದ್ದನ್ನು ವಿಜಯಪುರದಲ್ಲಿ ಕೂತು ಹೇಳುವಾಗ ‘ದೇರ್’ ಸರಿ. ಬಬಲೇಶ್ವರದಲ್ಲೇ ನಿಂತು ಹೇಳಿದರೆ ‘ಹಿಯರ್’ ಯಾಕೆ ಬದಲಾಗಬೇಕು? ಅದೇ ದಿನ ಸುದ್ದಿ ಮುಟ್ಟಿಸುವವಳಿಗೆ ‘ಟುಮಾರೋ’ ಕೂಡ ‘ಟುಮಾರೋ’ನೇ. ಈಗಲೂ ನಿಜವಾಗಿರುವ ಸಂಗತಿಗೆ ಕಾಲ ಬದಲಿಸಲೇಬೇಕೆಂದಿಲ್ಲ: ‘ಶಿ ಸೆಡ್ ಶಿ ಲಿವ್ಸ್ ಇನ್ ತಿಕೋಟಾ’ ತಪ್ಪಲ್ಲ. ಹೇಳುವವಳು ಎಲ್ಲಿ, ಯಾವಾಗ ನಿಂತು ಹೇಳುತ್ತಾಳೆ ಎಂಬುದೇ ಈ ಪಾಠದ ಜೀವ. ಪಟ್ಟಿಯಲ್ಲಿ ಅದೇ ಇರುವುದಿಲ್ಲ.

‘ಇಷ್ಟೆಲ್ಲ ಹೇಳಿದರೆ ಮಕ್ಕಳಿಗೆ ಗೊಂದಲ, ಪರೀಕ್ಷೆಗೆ ಪಟ್ಟಿ ಸಾಕು’ ಎನ್ನುವವರಿದ್ದಾರೆ. ಪರೀಕ್ಷೆ ಮೂರು ತಾಸಿನದು. ನಾಳೆ ಇದೇ ಹುಡುಗಿ ನರ್ಸ್ ಆಗಿ ರೋಗಿಯ ನೋವನ್ನು ಬರೆದಿಡಬೇಕು, ಬ್ಯಾಂಕಿನಲ್ಲಿ ಕೂತು ಗಿರಾಕಿಯ ಮಾತನ್ನು ಮೇಲಿನವರಿಗೆ ತಿಳಿಸಬೇಕು. ಓದು ಬಾರದ ಎಷ್ಟೋ ಅವ್ವಂದಿರ ಮಾತು ಆಕೆಯ ಕೈಯಿಂದಲೇ ಕಾಗದಕ್ಕೆ ಇಳಿಯಬೇಕು. ಅಲ್ಲಿ ‘ನಾನು’ ಅದಲುಬದಲಾದರೆ ಕಳೆಯುವುದು ಒಂದು ಅಂಕವಲ್ಲ, ಒಬ್ಬಳ ಮಾತು.

ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ತನ್ನ ಮಾತನ್ನು ತಾನೇ ಆಡಿದವಳು ಅಕ್ಕ. ಎಲ್ಲರಿಗೂ ಆ ಬಲ ಇರುವುದಿಲ್ಲ. ಅಂಥವರ ಮಾತನ್ನು ಕೆಡದಂತೆ ಮುಟ್ಟಿಸಲು ನಮ್ಮ ಹೆಣ್ಣುಮಕ್ಕಳಾದರೂ ಕಲಿಯಲಿ. ಮಗಳು ಈ ಪಾಠ ಬಿಚ್ಚಿ ಕೂತಾಗ ನೀವು ಇಂಗ್ಲಿಷ್ ಬಲ್ಲವರೇ ಆಗಬೇಕಿಲ್ಲ. ‘ಯಾರು ಅಂದರು, ಯಾರಿಗೆ ಅಂದರು, ಎಲ್ಲಿ, ಯಾವಾಗ?’ ಎಂದು ಕನ್ನಡದಲ್ಲೇ ಕೇಳಿ. ಪಟ್ಟಿ ಆಮೇಲೆ ನೋಡಲಿ.