ಕಲ್ಲು ಹೇಳದ ಲೆಕ್ಕ

ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಯಲ್ಲಮ್ಮನ ಗುಡಿಯ ಬಳಿ ಹರಿಯುವ ಭೀಮೆ ಬಹು ದೂರದಿಂದ ಬಂದವಳು. ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ವಿಠ್ಠಲನ ಭಕ್ತರನ್ನು ಮೀಯಿಸುವುದಕ್ಕೂ ಮೊದಲೇ ಅವಳು ಪುಣೆಯ ಮುಳಾ-ಮುಠಾ ನದಿಗಳ ನೀರನ್ನು ತನ್ನೊಳಗೆ ಕೂಡಿಸಿಕೊಂಡಿರುತ್ತಾಳೆ. ದುಡಿಮೆಗಾಗಿ ಕಲಬುರಗಿ ಸೀಮೆಯ ಜನ ಹೋಗಿಬರುವ ಆ ಪುಣೆಯಲ್ಲಿ, ಮುಳಾ ನದಿಯ ಕಡೆಗಿರುವ ಖಡಕಿಯಲ್ಲಿ, ಒಂದು ಯುದ್ಧಸ್ಮಶಾನವಿದೆ. ಪುಣೆಗೆ ಹೋದವರು ಒಂದು ಗಳಿಗೆ ಬಿಡುವು ಮಾಡಿಕೊಂಡು ನೋಡಬೇಕಾದ ಸ್ಥಳವಿದು.

ಎರಡನೆಯ ಮಹಾಯುದ್ಧದಲ್ಲಿ ಮಡಿದ 1,668 ಮಂದಿ ಅಲ್ಲಿ ಮಣ್ಣಾಗಿದ್ದಾರೆ. ಕದನವೇನೋ ನಡೆದದ್ದು ದೂರದಲ್ಲಿ. ಆದರೆ ಯುದ್ಧವು ರಣರಂಗದಲ್ಲಿ ಮಾತ್ರ ಕೊಲ್ಲುವುದಿಲ್ಲ. ದಂಡಿನ ಆಸ್ಪತ್ರೆಗಳಲ್ಲಿ, ರೋಗದಿಂದ, ಅಪಘಾತದಿಂದ, ಮಾಯದ ಗಾಯದಿಂದಲೂ ಕೊಲ್ಲುತ್ತದೆ. ಪಶ್ಚಿಮ ಮತ್ತು ಮಧ್ಯ ಭಾರತದ ಹಲವೆಡೆ, ಮುಂದೆ ನೋಡಿಕೊಳ್ಳುವವರಿಲ್ಲದೆ ಹೋಗಬಹುದಾಗಿದ್ದ ಸಮಾಧಿಗಳನ್ನೂ ಇಲ್ಲಿಗೆ ತಂದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಹೊತ್ತ ಸ್ಮಾರಕವೂ ಅಲ್ಲೇ ಇದೆ.

ಈ ಸಮಾಧಿಗಳ ಪಾಲನೆ ಮಾಡುವ ಆಯೋಗ ಹುಟ್ಟಿದ್ದು 1917ರಲ್ಲಿ. ದಂಡನಾಯಕನಾಗಲಿ ಸಾಮಾನ್ಯ ಸಿಪಾಯಿಯಾಗಲಿ, ಸತ್ತ ಮೇಲೆ ಎಲ್ಲರೂ ಸಮಾನರು ಎಂಬುದು ಅದರ ಸೂತ್ರ. ಆದುದರಿಂದಲೇ ಕಲ್ಲುಗಳೆಲ್ಲ ಒಂದೇ ಅಳತೆಯವು. ದೇಹಗಳನ್ನು ಸ್ವದೇಶಕ್ಕೆ ಒಯ್ಯಲು ಅವಕಾಶವಿರಲಿಲ್ಲ. ಮೊದಲ ಯುದ್ಧದ ತರುವಾಯ ಮನೆಯವರಿಗೆ ಉಳಿದ ಸಮಾಧಾನವೆಂದರೆ ಕಲ್ಲಿನ ಬುಡದಲ್ಲಿ ತಮ್ಮದೊಂದು ಮಾತು ಕೆತ್ತಿಸುವುದು. ಅದಕ್ಕೂ 66 ಅಕ್ಷರಗಳ ಮಿತಿ. ಇಪ್ಪತ್ತು ವರ್ಷ ಸಾಕಿದ ಮಗನನ್ನು ಕುರಿತು ತಾಯಿಯೊಬ್ಬಳು 66 ಅಕ್ಷರಗಳಲ್ಲಿ ಏನನ್ನು ತಾನೇ ಹೇಳಬಲ್ಲಳು? ತಾವು ಬರೆದು ಕಳುಹಿಸಿದ ಮಾತು ಕಲ್ಲಿನ ಮೇಲೆ ಹೇಗೆ ಮೂಡಿದೆಯೆಂದು ಕಣ್ಣಾರೆ ಕಾಣದೆಯೇ ಕಾಲವಾದ ತಾಯಂದಿರೆಷ್ಟೋ!

ಇಷ್ಟಾದರೂ ಅವರಿಗೆ ಒಂದು ಕಲ್ಲು ದಕ್ಕಿತು. ಅದೂ ದಕ್ಕದವರ ಗತಿಯೇನು? ಮೊದಲ ಮಹಾಯುದ್ಧದಲ್ಲಿ ಸುಮಾರು 74,000 ಭಾರತೀಯ ಸೈನಿಕರು ಮಡಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಾಳಿಯಲ್ಲಿ ಮೈಸೂರಿನ ಅಶ್ವದಳವಿತ್ತು. ಮಣ್ಣೂರು ಯಾವ ಸಂಸ್ಥಾನಕ್ಕೆ ಸೇರಿತ್ತೋ ಆ ಹೈದರಾಬಾದಿನ ಅಶ್ವದಳವೂ ಅದೇ ಸೈನ್ಯದೊಡನೆ ಹೋಗಿತ್ತು. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರು ಹೈದರಾಬಾದು, ಮೈಸೂರು, ಜೋಧಪುರಗಳ ಆ ದಳಗಳನ್ನೇ ಪ್ರತಿನಿಧಿಸುತ್ತಾರೆ.

ಸಮಾನತೆಯ ಸೂತ್ರವು ಎಲ್ಲರಿಗೂ ಸಮಾನವಾಗಿ ಸಲ್ಲಲಿಲ್ಲ. ಇದನ್ನು ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯೇ ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದ ದೇಶಗಳ 45,000ದಿಂದ 54,000 ಮಂದಿಯ ಸ್ಮರಣೆ ಬಿಳಿಯರ ಸ್ಮರಣೆಗೆ ಸಮನಾಗಿ ನಡೆಯಲಿಲ್ಲ. ಇನ್ನೂ ಕಡಿಮೆಯೆಂದರೆ 1,16,000 ಮಂದಿ, ಪ್ರಾಯಶಃ 3,50,000 ಮಂದಿ, ಹೆಸರಿಲ್ಲದೆ ಅಥವಾ ಯಾವ ಸ್ಮರಣೆಯೂ ಇಲ್ಲದೆ ಉಳಿದರು. ಕನಿಷ್ಠ ಗರಿಷ್ಠಗಳ ನಡುವಿನ ಆ ಅಂತರವೇ ಎದೆ ನಡುಗಿಸುವಂಥದು. ಸತ್ತವರನ್ನು ಸರಿಯಾಗಿ ಎಣಿಸಲೂ ಯಾರೂ ಇರಲಿಲ್ಲವೆಂದಲ್ಲವೇ ಇದರ ಅರ್ಥ?

ಖಡಕಿಯ ನೆಲಕ್ಕೆ ಇದಕ್ಕೂ ಹಳೆಯ ನೆನಪೊಂದಿದೆ. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಯುದ್ಧ ನಡೆದದ್ದು ಅಲ್ಲಿಯೇ. ಮರುವರ್ಷ ಪೇಶ್ವೆಯ ರಾಜ್ಯ ಅಳಿಯಿತು. ಅಂದು ಬಿದ್ದ ಸಿಪಾಯಿಗಳಿಗೆ ಇಂಥ ಸಾಲುಗಲ್ಲುಗಳಿಲ್ಲ. ಇವರ ಮನೆಗಳಲ್ಲಿಯೂ ತಾಯಂದಿರಿದ್ದರು, ಮಕ್ಕಳಿದ್ದರು, ಬಿತ್ತುವವರಿಲ್ಲದ ಹೊಲಗಳಿದ್ದವು.

ಕಲ್ಲು ನೆಟ್ಟು ವೀರನನ್ನು ನೆನೆಯುವುದು ಕನ್ನಡಿಗರಿಗೆ ಹೊಸದಲ್ಲ. ಊರೂರಿನ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ ಎಂಬ ಕ್ರಮವನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ಹಿರಿಯರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಸತ್ತವನ ಮನೆಯವರಿಗೆ ಭೂಮಿಯನ್ನು ದತ್ತಿ ಬಿಡುವ ಪದ್ಧತಿಯಿತ್ತು. ಅದಕ್ಕೆ ಅವರಿಟ್ಟ ಹೆಸರು ‘ನೆತ್ತರುಗೊಡಗೆ’. ಎಷ್ಟು ನೇರವಾದ ಮಾತು! ವೀರನಿಗೆ ಸ್ವರ್ಗವೇನೋ ಸಿಕ್ಕೀತು, ಅವನ ಹೆಂಡತಿಮಕ್ಕಳು ನಾಳೆ ಉಣ್ಣುವುದೇನನ್ನು ಎಂದು ಕೇಳಿದ ವಿವೇಕ ಆ ಶಬ್ದದಲ್ಲಿದೆ.

ಯುದ್ಧದ ಲೆಕ್ಕವನ್ನು ಬರೆಯುವವರು ಸತ್ತವರ ಸಂಖ್ಯೆಗೆ ಬಂದು ಗೆರೆ ಎಳೆದುಬಿಡುತ್ತಾರೆ. ನಿಜವಾದ ಲೆಕ್ಕ ಆರಂಭವಾಗುವುದು ಆ ಗೆರೆಯ ಕೆಳಗೆ. ವಿಧವೆಯ ನಲವತ್ತು ವರ್ಷಗಳು, ತಂದೆಯ ಮುಖ ಕಾಣದೆ ಬೆಳೆದ ಮಗು, ಶಾಲೆ ಬಿಟ್ಟು ನೇಗಿಲು ಹಿಡಿದ ಹಿರಿಯ ಮಗ, ಕೈಗೂಡದ ಮದುವೆಗಳು, ಹುಟ್ಟದೇ ಹೋದ ಮೊಮ್ಮಕ್ಕಳು: ಇವು ಯಾವ ಶಿಲೆಯ ಮೇಲೂ ಇಲ್ಲ. ಸಂಧಿಪತ್ರಕ್ಕೆ ರುಜು ಬಿದ್ದ ದಿನ ಅರಸರ ಯುದ್ಧ ಮುಗಿಯುತ್ತದೆ; ಮನೆಯೊಳಗಿನ ಯುದ್ಧ ಮುಗಿಯಲು ಎರಡು ತಲೆಮಾರು ಬೇಕು.

ಯುದ್ಧಸ್ಮಶಾನವನ್ನು ನೋಡಲು ಹೋಗುವವರು ಮಕ್ಕಳನ್ನೂ ಕರೆದೊಯ್ಯುವುದು ಒಳ್ಳೆಯದು. ಕಲ್ಲಿನ ಮೇಲಿನ ಹೆಸರನ್ನು ಓದಲಿ. ವಯಸ್ಸು ಬರೆದಿದ್ದರೆ ಅದನ್ನೂ ಓದಲಿ. ಬಹುಪಾಲು ವಯಸ್ಸುಗಳು ತಮ್ಮ ಅಣ್ಣಂದಿರ ವಯಸ್ಸೇ ಎಂಬುದು ಅವರಿಗೆ ತಾನಾಗಿಯೇ ಹೊಳೆದೀತು. ಯುದ್ಧವೆಂದರೆ ಏನೆಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಪಾಠ ಬೇರೊಂದಿಲ್ಲ.