ಸಾಕ್ಷಿಯ ಪ್ರಾಮಾಣಿಕತೆ ಮತ್ತು ಸಾಕ್ಷ್ಯದ ತೂಕ

ಓರ್ವ ವ್ಯಕ್ತಿ ಸುಳ್ಳುಗಾರನಲ್ಲ ಎಂದ ಮಾತ್ರಕ್ಕೆ ಆತ ಕಂಡೆನೆಂದು ಹೇಳಿದ್ದೆಲ್ಲವನ್ನೂ ಸತ್ಯವೆಂದು ಒಪ್ಪಬೇಕೇ? ಅಮೇರಿಕದ ಮಾರ್ಮನ್ ಪಂಥದ ಆರಂಭದ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ದೇವಚರನೊಬ್ಬನು ತೋರಿಸಿಕೊಟ್ಟ ಚಿನ್ನದ ಫಲಕಗಳಿಂದ ಗ್ರಂಥವೊಂದನ್ನು ಅನುವಾದಿಸಿದ್ದೇನೆಂದು ಜೋಸೆಫ್ ಸ್ಮಿತ್ ಹೇಳಿಕೊಂಡರು. 1830ರಲ್ಲಿ ಮುದ್ರಣಗೊಂಡ ಆ 'ಬುಕ್ ಆಫ್ ಮಾರ್ಮನ್' ಗ್ರಂಥದಲ್ಲಿ ಹನ್ನೊಂದು ಮಂದಿಯ ಸಾಕ್ಷ್ಯವಿದೆ. ಆಲಿವರ್ ಕೌಡರಿ, ಡೇವಿಡ್ ವಿಟ್ಮರ್ ಮತ್ತು ಮಾರ್ಟಿನ್ ಹ್ಯಾರಿಸ್, 1829ರ ಜೂನ್‌ನಲ್ಲಿ ತಾವು ದೇವಚರನನ್ನೂ ಫಲಕಗಳನ್ನೂ ಕಂಡು ದೇವವಾಣಿಯನ್ನು ಕೇಳಿದೆವೆಂದರು. ಉಳಿದ ಎಂಟು ಮಂದಿ, ಸ್ಮಿತ್‌ರೇ ತೋರಿಸಿದ ಫಲಕಗಳನ್ನು ಕೈಯಲ್ಲಿ ಹಿಡಿದು ನೋಡಿದೆವೆಂದರು. ದೇವಚರನ ಮಾತನ್ನು ಅವರು ಎತ್ತಲಿಲ್ಲ. ಈ ಎಂಟು ಮಂದಿಯೂ ಸ್ಮಿತ್ ಮತ್ತು ವಿಟ್ಮರ್ ಕುಟುಂಬಗಳವರು ಅಥವಾ ಅವುಗಳ ಬಂಧುಗಳು.

ಇವರನ್ನು ಸುಳ್ಳುಗಾರರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹ್ಯಾರಿಸ್ ತಮ್ಮ ಜಮೀನನ್ನು ಅಡವಿಟ್ಟು ಮುದ್ರಣದ ವೆಚ್ಚವನ್ನು ವಹಿಸಿಕೊಂಡರು. 1837-38ರ ವೇಳೆಗೆ ಈ ಮೂವರೂ ಸ್ಮಿತ್‌ರೊಂದಿಗೆ ಮನಸ್ತಾಪಗೊಂಡು ಪಂಥದಿಂದ ಹೊರಗಾದರು. ಕೌಡರಿ ಮತ್ತು ಹ್ಯಾರಿಸ್ ಕಾಲಾನಂತರ ಮರಳಿದರು. 1888ರಲ್ಲಿ ನಿಧನರಾದ ವಿಟ್ಮರ್ ಮರಳಲೇ ಇಲ್ಲ. ಆದರೂ ತಮ್ಮ ಸಾಕ್ಷ್ಯವನ್ನು ಅವರು ಕೊನೆಯವರೆಗೂ ಹಿಂತೆಗೆದುಕೊಳ್ಳಲಿಲ್ಲ. ಇದು ಅವರ ನಿಷ್ಠೆಗೆ ಪುರಾವೆ.

ಆದರೆ ಅವರು ಕಂಡದ್ದು ಏನು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಎರಡು ಬಾರಿ ಪ್ರಾರ್ಥಿಸಿಯೂ ಏನೂ ಕಾಣದಿದ್ದಾಗ ಹ್ಯಾರಿಸ್ ಗುಂಪಿನಿಂದ ದೂರ ಸರಿದರು. ಅವರಿಗೆ ದರ್ಶನವಾದದ್ದು ಆ ಬಳಿಕ, ಸ್ಮಿತ್‌ರೊಂದಿಗೆ ಬೇರೆಡೆ ಪ್ರಾರ್ಥಿಸಿದಾಗ. ಹೀಗೆಂದು ಸ್ಮಿತ್‌ರ ಚರಿತ್ರೆಯೇ ಹೇಳುತ್ತದೆ. ತಾನು ಫಲಕಗಳನ್ನು ಕಂಡದ್ದು ಆತ್ಮದ ಕಣ್ಣಿನಿಂದ ಎಂದು ಹ್ಯಾರಿಸ್ ಹೇಳಿದ್ದರೆಂದು ಅವರ ಸಮಕಾಲೀನರು ಬರೆದಿಟ್ಟಿದ್ದಾರೆ.

1844ರಲ್ಲಿ ಸ್ಮಿತ್‌ರ ಹತ್ಯೆಯಾದ ಬಳಿಕ ಜೇಮ್ಸ್ ಸ್ಟ್ರ್ಯಾಂಗ್ ತಾನೇ ಉತ್ತರಾಧಿಕಾರಿಯೆಂದು ಘೋಷಿಸಿದರು. 1845ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅವರು ಸೂಚಿಸಿದ ಜಾಗವನ್ನು ಅಗೆದು ಲೋಹದ ಫಲಕಗಳನ್ನು ಹೊರತೆಗೆದುದಾಗಿ ನಾಲ್ವರು ಸಾಕ್ಷ್ಯ ನುಡಿದರು. ಹ್ಯಾರಿಸ್ ಕೂಡ ಕೆಲಕಾಲ ಸ್ಟ್ರ್ಯಾಂಗ್ ಪರವಾಗಿ ನಿಂತು ಇಂಗ್ಲೆಂಡಿಗೆ ಹೋದರು. ಆದರೆ ಬಹುಪಾಲು ಮಾರ್ಮನರು ಸ್ಟ್ರ್ಯಾಂಗ್‌ರನ್ನು ಒಪ್ಪಲಿಲ್ಲ. ಸಾಕ್ಷಿಗಳ ಸಹಿಯೇ ಸಾಕೆಂದಾದರೆ, ಒಂದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸುವುದು ಹೇಗೆ?

ಹದೀಸ್ ವಿದ್ವಾಂಸರು ವರದಿಗಾರನ ಸತ್ಯಸಂಧತೆಯನ್ನೂ ಅವನ ನೆನಪಿನ ನಿಖರತೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದ್ದು ಇದೇ ಕಾರಣಕ್ಕೆ. ಧರ್ಮನಿಷ್ಠನೂ ತಪ್ಪಾಗಿ ಗ್ರಹಿಸಬಲ್ಲನು ಎಂಬ ಅರಿವು ಅವರಿಗಿತ್ತು.

ಈ ತಕ್ಕಡಿ ಅನ್ಯರನ್ನು ತೂಗಲು ಮಾತ್ರ ಇರುವುದಲ್ಲ. ನಮ್ಮ ಮನೆಗಳಲ್ಲೂ ಕನಸುಗಳ, ಪವಾಡಗಳ ಕಥೆಗಳು ಬಾಯಿಂದ ಬಾಯಿಗೆ ಹರಿಯುತ್ತವೆ. "ಅಂಥ ಹಿರಿಯರು ಸುಳ್ಳು ಹೇಳುವರೇ?" ಎಂಬ ಒಂದೇ ಮಾತಿಗೆ ನಾವು ಮೌನವಾಗುತ್ತೇವೆ. ಅವರು ಕಂಡದ್ದೇನು, ಜೊತೆಗೆ ಯಾರಿದ್ದರು, ಅದನ್ನು ಯಾವಾಗ ಹೇಳಿದರು ಎಂದು ಮಕ್ಕಳು ಕೇಳಿದರೆ ಗದರಿಸದಿರೋಣ. ಹಿರಿಯರ ಮೇಲಿನ ಗೌರವವು ಅಂತಹ ಪ್ರಶ್ನೆಯಿಂದ ಕುಂದುವುದಿಲ್ಲ.